ಮೀನಿನ ಹುಳ ನೋಡಿ ಕಡಲ ದಾರಿ ಓದುವುದು ಹೇಗೆ

ಮಳೆಗಾಲದಲ್ಲಿ ನಮ್ಮ ಮನೆಗೆ ಬಂದವರನ್ನು ಯಾವ ದಾರಿಯಲ್ಲಿ ಬಂದಿರಿ ಎಂದು ಕೇಳಬೇಕಾಗಿಲ್ಲ. ಕಾಲು ನೋಡಿದರೆ ಸಾಕು. ಟಾರು ರಸ್ತೆ ಹಿಡಿದು ಬಂದವರ ಕಾಲಿನಲ್ಲಿ ಬರೀ ಕೆಸರು; ತೋಟದ ಒಳದಾರಿಯಲ್ಲಿ ಬಂದವರ ಕಣಕಾಲಿನಲ್ಲಿ ಒಂದೆರಡು ಜಿಗಣೆ. ನಾಯಿ ಎರಡು ದಿನ ಕಾಣೆಯಾಗಿ ಮರಳಿದರೆ ಅತ್ತೆ ಬೈಯುವ ಮೊದಲು ಅದರ ಕಿವಿ ಮಗುಚಿ ನೋಡುತ್ತಾರೆ. ಉಣುಗು ಕಚ್ಚಿಕೊಂಡಿದ್ದರೆ ಕಾಡಿಗೆ ಹೋಗಿತ್ತು. ಇಲ್ಲದಿದ್ದರೆ ತೋಟದ ಕೆಲಸಗಾರರ ಲೈನ್ ಮನೆಗಳ ಹಿಂದೆ ಉಂಡು ಮಲಗಿತ್ತು.

ಕಡಲಿನ ದೊಡ್ಡ ಮೀನುಗಳ ವಿಷಯದಲ್ಲಿ ವಿಜ್ಞಾನಿಗಳು ಮಾಡುವುದೂ ಬಹುಮಟ್ಟಿಗೆ ಅತ್ತೆಯ ಕೆಲಸವನ್ನೇ. ಟ್ಯೂನಾ, ಅಂಜಲ್, ಕತ್ತಿಮೀನು, ಶಾರ್ಕ್ ಇವೆಲ್ಲ ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಬೆನ್ನುಹತ್ತಿ ನೋಡಲಾರರು. ಬೆನ್ನಿಗೆ ಪ್ಲಾಸ್ಟಿಕ್ ಚೀಟಿ ಚುಚ್ಚಿ ಬಿಡಬಹುದು. 2005ರಿಂದ ಕೆಲವು ವರ್ಷ ಹಿಂದೂ ಮಹಾಸಾಗರದಲ್ಲಿ ಹೀಗೆ 1.6 ಲಕ್ಷಕ್ಕೂ ಹೆಚ್ಚು ಟ್ಯೂನಾಗಳಿಗೆ ಚೀಟಿ ಚುಚ್ಚಿದರು. ಅವುಗಳಲ್ಲಿ ಬಹುಪಾಲು ಮತ್ತೆ ಯಾರ ಕೈಗೂ ಸಿಗಲಿಲ್ಲ. ಉಪಗ್ರಹಕ್ಕೆ ಸುದ್ದಿ ಕಳಿಸುವ ಉಪಕರಣ ಕಟ್ಟಬಹುದು, ಆದರೆ ಒಂದೊಂದಕ್ಕೆ ಸಾವಿರಾರು ಡಾಲರ್ ಬೆಲೆ. ಪರಾವಲಂಬಿ ಹುಳವಾದರೋ ಮೀನು ತಾನಾಗಿಯೇ ಅಂಟಿಸಿಕೊಂಡು ತಿರುಗುವ ಚೀಟಿ. ಅದಕ್ಕೆ ಕಾಸಿನ ಖರ್ಚಿಲ್ಲ. ಓದಲು ಮಾತ್ರ ಕಲಿಯಬೇಕು.

ಆ ಓದನ್ನು ವಿರಾಜಪೇಟೆಯ ಹಿತ್ತಿಲಿನಲ್ಲಿ ಕೂತು ಕಲಿಯುವ ಬಗೆಯನ್ನು ಇಲ್ಲಿ ಹೇಳುತ್ತಿದ್ದೇನೆ. ಕೊಡಗಿನಲ್ಲಿ ಕಡಲಿಲ್ಲ, ನಿಜ. ಆದರೆ ನಮ್ಮ ಬರಪೊಳೆ ಮಾಕುಟ್ಟದ ಕಡೆಗೆ ಇಳಿದು ಕಣ್ಣೂರಿನ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಬೆಳಗಿನ ಮೀನಿನ ಗಾಡಿ ಅದೇ ಘಾಟಿ ಹತ್ತಿ ಬರುತ್ತದೆ. ಮಡಿಕೇರಿಯವರಿಗೆ ಸಂಪಾಜೆ ಘಾಟಿಯ ಮೂಲಕ ಮಂಗಳೂರಿನ ಮೀನು. ಕಡಲು ಕಾಣದ ನಮಗೆ ಕಡಲಿನ ಸುದ್ದಿ ತರುವುದು ಈ ಐಸ್ ಪೆಟ್ಟಿಗೆಗಳೇ.

ಕೊಳ್ಳುವಾಗಲೇ ಆರಂಭ

ಮೊದಲನೆಯದು ಮೀನಿನ ಆಯ್ಕೆ. ಮತ್ತಿ, ಬಂಗುಡೆ ಸಣ್ಣವು; ಅವುಗಳಲ್ಲೂ ಹುಳ ಇರುತ್ತದೆ, ಕೈ ಪಳಗಿಸಿಕೊಳ್ಳಲು ಒಳ್ಳೆಯವು. ಆದರೆ ದೂರದ ದಾರಿಯ ಕಥೆ ಬೇಕಿದ್ದರೆ ದೊಡ್ಡ ಬೇಟೆಗಾರ ಮೀನು ಬೇಕು: ಅಂಜಲ್, ಅಥವಾ ಟ್ಯೂನಾ. ಟ್ಯೂನಾವನ್ನು ಮಂಗಳೂರಿನ ಕಡೆಯವರು ಕೇದರ ಎನ್ನುತ್ತಾರೆ, ಕಣ್ಣೂರಿನ ಕಡೆಯವರು ಚೂರೆ ಎನ್ನುತ್ತಾರೆ. ನಮ್ಮ ಪೇಟೆಯಲ್ಲಿ ಎರಡೂ ನಡೆಯುತ್ತವೆ. ದೊಡ್ಡ ಮೀನು ಸಣ್ಣ ಮೀನನ್ನು ತಿಂದಾಗ ಅದರ ಹುಳವನ್ನೂ ತಿನ್ನುತ್ತದೆ. ಹಾಗಾಗಿ ವರ್ಷಗಟ್ಟಲೆ ತಿಂದದ್ದರ ಲೆಕ್ಕವೆಲ್ಲ ದೊಡ್ಡ ಮೀನಿನ ಹೊಟ್ಟೆಯಲ್ಲಿ ಸೇರಿಕೊಳ್ಳುತ್ತದೆ.

ಎರಡನೆಯದು, ತುಂಡು ಮಾಡಿಸಿದ ಮೀನು ತಂದರೆ ಪ್ರಯೋಜನವಿಲ್ಲ. ಓದಬೇಕಾದ ಪುಟಗಳೆಲ್ಲ ಅಂಗಡಿಯ ಬಕೆಟ್ಟಿಗೆ ಬಿದ್ದಿರುತ್ತವೆ. ತಲೆ, ಕಿವಿರು, ಕರುಳು ಎಲ್ಲವನ್ನೂ ಬೇರೆ ಕಟ್ಟಿಕೊಡಲು ಹೇಳಿ. ಮೊದಲ ಸಲ ನಾನು ಕೇಳಿದಾಗ ಮೀನಿನ ಕಾಕ "ಬೆಕ್ಕಿಗಾ ಅಕ್ಕ?" ಎಂದರು. ಹೌದು ಎಂದೆ. ಹುಳ ನೋಡಲು ಎಂದು ಹೇಳಿದ್ದರೆ ಪಕ್ಕದಲ್ಲಿ ನಿಂತ ಗಿರಾಕಿಗಳು ಓಡಿಹೋಗುತ್ತಿದ್ದರು, ಕಾಕನ ವ್ಯಾಪಾರ ಹಾಳಾಗುತ್ತಿತ್ತು. ಅಂದಹಾಗೆ ಹುಳವಿರುವ ಮೀನು ಕೆಟ್ಟ ಮೀನಲ್ಲ. ಕಡಲಿನ ಮೀನಿನಲ್ಲಿ ಹುಳವಿರುವುದು ಮಳೆಗಾಲದ ತೋಟದಲ್ಲಿ ಜಿಗಣೆ ಇದ್ದಷ್ಟೇ ಸಹಜ.

ಮೂರನೆಯದು, ಎಲ್ಲಿ ಹಿಡಿದದ್ದು ಎಂದು ಕೇಳಿ. "ಎಲ್ಲಿಂದ ಬಂತು" ಎಂದು ಕೇಳಿದರೆ ಬಂದರಿನ ಹೆಸರು ಹೇಳುತ್ತಾರೆ, ಅದು ಸಾಲದು. ಬಂದರು ಬೇರೆ, ಬಲೆ ಬೀಸಿದ ನೀರು ಬೇರೆ. ಕೊಚ್ಚಿಯಲ್ಲಿ ಇಳಿಸಿದ ಟ್ಯೂನಾವನ್ನು ಎಷ್ಟೋ ದೂರದ ಆಳ ಕಡಲಿನಲ್ಲಿ ಹಿಡಿದಿರಬಹುದು. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆದ್ದರಿಂದ ಜುಲೈಯಲ್ಲಿ ನಮ್ಮ ಸಂತೆಗೆ ಬರುವ ದೊಡ್ಡ ಮೀನು ಬಂಗಾಳ ಕೊಲ್ಲಿಯದೂ ಆಗಿರಬಹುದು, ಶೀತಲ ಕೋಣೆಯಲ್ಲಿ ಇಟ್ಟಿದ್ದೂ ಆಗಿರಬಹುದು. ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ ಪುಸ್ತಕದಲ್ಲಿ "ಸ್ಥಳ ಗೊತ್ತಿಲ್ಲ" ಎಂದು ಬರೆಯಿರಿ. ಆ ಮೀನಿನಿಂದ ಹುಳ ಗುರುತಿಸಲು ಕಲಿಯಬಹುದು, ದಾರಿ ಓದಲು ಬರುವುದಿಲ್ಲ.

ಬೇಕಾದ ಸಾಮಾನು

ಎಲ್ಲವೂ ಮನೆಯಲ್ಲೇ ಇರುತ್ತದೆ. ಬಿಳಿ ಪಿಂಗಾಣಿ ತಟ್ಟೆ ಒಂದು, ಕಪ್ಪು ತಟ್ಟೆ ಒಂದು. ಬಿಳಿ ಹುಳ ಬಿಳಿ ತಟ್ಟೆಯಲ್ಲಿ ಕಾಣುವುದಿಲ್ಲ. ಚಿಮಟ, ಸಣ್ಣ ಕತ್ತರಿ, ಉಪ್ಪುನೀರು. ಕಾಫಿ ತೋಟದವರ ಮನೆಯಲ್ಲಿ ಕಾಯಿಕೊರಕವನ್ನು ನೋಡಲು ಇಟ್ಟುಕೊಂಡ ಭೂತಗನ್ನಡಿ ಎಲ್ಲಾದರೂ ಇದ್ದೇ ಇರುತ್ತದೆ, ಅದನ್ನು ಹುಡುಕಿ. ಬೆಳಕಿಗೆ ಮೊಬೈಲ್. ಹುಳವನ್ನು ಇಟ್ಟುಕೊಳ್ಳುವುದಾದರೆ ಔಷಧಿ ಅಂಗಡಿಯ ಸ್ಪಿರಿಟ್ ಮತ್ತು ಬಿಗಿ ಮುಚ್ಚಳದ ಸಣ್ಣ ಬಾಟಲಿ. ನೇರವಾಗಿ ಸ್ಪಿರಿಟ್‌ಗೆ ಹಾಕಿದರೆ ಹುಳ ಮುದುಡಿಕೊಳ್ಳುತ್ತದೆ. ಮೊದಲು ಬಿಸಿ ಉಪ್ಪುನೀರಿಗೆ ಹಾಕಿದರೆ ನೆಟ್ಟಗಾಗಿ ಸಾಯುತ್ತದೆ, ಅಳೆಯಲು ಅನುಕೂಲ.

ಹೊರಗಿನಿಂದ ಒಳಕ್ಕೆ

ಕ್ರಮ ತಪ್ಪಿಸಬೇಡಿ. ಹೊಟ್ಟೆ ಮೊದಲು ಸೀಳಿದರೆ ಒಳಗಿನ ಹುಳ ಹೊರಗಿನ ಚರ್ಮದ ಮೇಲೆ ಹರಿದು, ಯಾವುದು ಎಲ್ಲಿಯದು ಎಂದು ತಿಳಿಯದಂತಾಗುತ್ತದೆ.

ಮೊದಲು ಚರ್ಮ. ಮೀನಿನ ಹೇನು ಎನ್ನಬಹುದಾದ ಸಣ್ಣ ಚಪ್ಪಟೆ ಕೋಪೆಪಾಡ್‌ಗಳು ಇಲ್ಲಿ ಓಡಾಡಿಕೊಂಡಿರುತ್ತವೆ. ಆದರೆ ಬಲೆಯಲ್ಲಿ ಉಜ್ಜಿ, ಐಸಿನಲ್ಲಿ ತೊಳೆದು ಘಾಟಿ ಹತ್ತಿ ಬರುವಷ್ಟರಲ್ಲಿ ಬಹಳಷ್ಟು ಉದುರಿ ಹೋಗಿರುತ್ತವೆ. ಹಾಗಾಗಿ ನಮ್ಮ ಸಂತೆಯ ಮೀನಿನ ಚರ್ಮದ ಮೇಲೆ ಏನೂ ಇಲ್ಲದಿದ್ದರೆ ಅದಕ್ಕೆ ಅರ್ಥವಿಲ್ಲ. ಉದುರದ ಒಂದು ಜಾತಿ ಇದೆ: ಪೆನೆಲ್ಲಾ. ಕತ್ತಿಮೀನು, ಸೈಲ್‌ಫಿಶ್‌ಗಳ ಮೈಯಿಂದ ಕಪ್ಪು ದಾರದಂತೆ ಜೋತಾಡುತ್ತದೆ. ಎಳೆದರೆ ತುಂಡಾಗುತ್ತದೆಯೇ ಹೊರತು ಬರುವುದಿಲ್ಲ. ತಲೆಗೆ ಲಂಗರಿನಂಥ ಕೊಂಬುಗಳಿದ್ದು ಮಾಂಸದ ಆಳದಲ್ಲಿ ಊರಿಕೊಂಡಿರುತ್ತದೆ. ನೋಡಿದರೆ ಯಾರೂ ಇದನ್ನು ಸೀಗಡಿ, ಏಡಿಗಳ ನೆಂಟ ಎನ್ನಲಾರರು.

ಚರ್ಮದ ಮೇಲೆ ದುಂಡನೆಯ ಗಾಯದ ಗುರುತು ಇದೆಯೇ ನೋಡಿ. ಚಮಚದಿಂದ ಗೋರಿ ತೆಗೆದಂತೆ, ಅಂಚು ಸ್ವಚ್ಛವಾಗಿ ದುಂಡಗೆ. ಅದು ಕುಕೀಕಟರ್ ಎಂಬ ಅರ್ಧ ಮೀಟರಿನಷ್ಟು ಉದ್ದದ ಶಾರ್ಕಿನ ಕೆಲಸ. ತನಗಿಂತ ಎಷ್ಟೋ ಪಾಲು ದೊಡ್ಡ ಟ್ಯೂನಾ, ತಿಮಿಂಗಿಲಗಳಿಗೆ ಬಾಯಿ ಒತ್ತಿ, ತಿರುಗಿ, ಒಂದು ತುತ್ತು ಮಾಂಸ ಕಿತ್ತುಕೊಂಡು ಹೋಗುತ್ತದೆ. ಕೊಲ್ಲುವುದಿಲ್ಲ, ಹಾಗಾಗಿ ಇದನ್ನೂ ಒಂದು ಬಗೆಯ ಪರಾವಲಂಬಿ ಎಂದೇ ಲೆಕ್ಕ. ಇದು ಬೆಚ್ಚನೆಯ ಕಡಲಿನ ಪ್ರಾಣಿ. ತಣ್ಣೀರಿನ ಕಡಲಿನಲ್ಲಿ ಹಿಡಿದ ಮೀನಿನ ಮೇಲೆ ಈ ಗಾಯ ಕಂಡರೆ ಆ ಮೀನು ಒಮ್ಮೆ ಬೆಚ್ಚನೆಯ ನೀರಿಗೆ ಹೋಗಿ ಬಂದಿದೆ ಎಂದು ಧೈರ್ಯವಾಗಿ ಹೇಳಬಹುದು.

ಮುಂದೆ ಬಾಯಿ ಮತ್ತು ಕಿವಿರು. ಕಿವಿರಿನ ಮುಚ್ಚಳ ಕತ್ತರಿಸಿ ತೆಗೆದು, ಕಮಾನುಗಳನ್ನು ಒಂದೊಂದಾಗಿ ಬಿಡಿಸಿ ಉಪ್ಪುನೀರಿನಲ್ಲಿ ಅಲ್ಲಾಡಿಸಿ. ಬಂಗುಡೆಯ ಕಿವಿರಿನ ಗೂಡಿನಲ್ಲಿ ಒಮ್ಮೊಮ್ಮೆ ಸಾಲು ಕಾಲುಗಳುಳ್ಳ ಬಿಳಿಚಿದ ಪ್ರಾಣಿಯೊಂದು ಕೂತಿರುತ್ತದೆ: ನೊರಿಲೆಕಾ ಎಂಬ ಐಸೊಪಾಡ್, ಇದೂ ಸೀಗಡಿ, ಏಡಿಗಳ ನೆಂಟನೇ. ಈ ಗುಂಪಿನವು ಗಂಡಾಗಿ ಬದುಕು ಆರಂಭಿಸಿ ಆಮೇಲೆ ಹೆಣ್ಣಾಗುತ್ತವೆ. ಅತ್ತೆಗೆ ಇದನ್ನು ತೋರಿಸಿದಾಗ ಮೂರು ದಿನ ಬಂಗುಡೆ ಬೇಡ ಎಂದರು, ನಾಲ್ಕನೆಯ ದಿನ ಅವರೇ ತರಿಸಿದರು. ಟ್ಯೂನಾದ ಕಿವಿರಿನಲ್ಲಿ ಹಳದಿ, ಕಿತ್ತಳೆ ಬಣ್ಣದ ಗುಳಿಗೆಯಂಥ ಚೀಲಗಳಿದ್ದರೆ ಅವು ಡಿಡಿಮೊಜೊಯಿಡ್ ಎಂಬ ಚಪ್ಪಟೆಹುಳಗಳು. ಚುಚ್ಚಿ ನೋಡಿದರೆ ಅನೇಕ ವೇಳೆ ಒಂದೇ ಚೀಲದಲ್ಲಿ ಎರಡು ಹುಳ ಜೋಡಿಯಾಗಿ ಸುತ್ತಿಕೊಂಡಿರುತ್ತವೆ.

ಈಗ ಹೊಟ್ಟೆ. ಗುದದ್ವಾರದಿಂದ ಗಂಟಲಿನವರೆಗೆ ಮೇಲುಮೇಲಾಗಿ ಸೀಳಿ. ಕತ್ತರಿಯ ತುದಿ ಆಳಕ್ಕೆ ಇಳಿದರೆ ಕರುಳು ಹರಿಯುತ್ತದೆ. ಯಕೃತ್ತಿನ ಮೇಲೆ, ಕರುಳಿನ ಹೊರಗೋಡೆಯ ಮೇಲೆ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ, ಬಿಚ್ಚಿದರೆ ಎರಡು ಮೂರು ಸೆಂಟಿಮೀಟರ್ ಬರುವ ಬಿಳಿ ದುಂಡುಹುಳ ಕಂಡರೆ ಅದು ಅನಿಸಾಕಿಸ್ ಅಥವಾ ಅದರ ದಾಯಾದಿ. ಐಸಿನಲ್ಲಿ ಬಂದಿದ್ದರೂ ಜೀವಂತವಾಗಿರಬಹುದು, ಬೆಚ್ಚಗಾದಾಗ ಹೊರಳುತ್ತದೆ. ಇದರ ಮೊಟ್ಟೆ ತಿಮಿಂಗಿಲ, ಡಾಲ್ಫಿನ್‌ಗಳ ಮಲದಲ್ಲಿ ಕಡಲಿಗೆ ಬೀಳುತ್ತದೆ. ಮರಿಯನ್ನು ಸೀಗಡಿಯಂಥ ಸಣ್ಣ ಕ್ರಿಲ್ ನುಂಗುತ್ತದೆ, ಕ್ರಿಲ್ಲನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ದೊಡ್ಡ ಮೀನನ್ನು ಇನ್ನೊಂದು ತಿಮಿಂಗಿಲ ನುಂಗುವವರೆಗೆ ಹುಳ ಸುರುಳಿ ಸುತ್ತಿ ಕಾಯುತ್ತದೆ, ವರ್ಷಗಟ್ಟಲೆ ಬೇಕಾದರೂ. ಮೀನು ಅದಕ್ಕೆ ಬಸ್ಸು ಮಾತ್ರ. ಇಳಿಯಬೇಕಾದ ಊರು ತಿಮಿಂಗಿಲದ ಹೊಟ್ಟೆ.

ಅದೇ ಜಾಗದಲ್ಲಿ ಅಕ್ಕಿಕಾಳಿನಂತೆ, ಕೆಲವು ಬಾಲವಿರುವ ಅಕ್ಕಿಕಾಳಿನಂತೆ ಬಿಳಿ ಚೀಲಗಳು ಕಂಡರೆ ಅವು ಟ್ರಿಪನೊರಿಂಕ್ ಲಾಡಿಹುಳದ ಮರಿಗಳು. ಚೀಲ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿ: ತಲೆಯಿಂದ ಮುಳ್ಳುಮುಳ್ಳಾದ ನಾಲ್ಕು ದಾರಗಳು ಹೊರಗೆ ಚಾಚಿರಬಹುದು. ಇದು ದೊಡ್ಡದಾಗಬೇಕಾದರೆ ಶಾರ್ಕ್ ಅಥವಾ ತೊರಕೆ ಎಂಬ ಚಪ್ಪಟೆ ಮೀನಿನ ಕರುಳು ಸೇರಬೇಕು. ಅಂಜಲಿನ ದಾರಿ ಓದಲು ಇದಕ್ಕಿಂತ ಒಳ್ಳೆಯ ಅಕ್ಷರ ಇಲ್ಲ, ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಕೊನೆಗೆ ಜಠರವನ್ನು ಸೀಳಿ. ಟ್ಯೂನಾ ಜಠರದಲ್ಲಿ, ಅಂಜಲಿನ ಹತ್ತಿರದ ಬಂಧುವಾದ ವಾಹೂ ಮೀನಿನ ಜಠರದಲ್ಲಿ, ಹಿರುಡಿನೆಲ್ಲಾ ಎಂಬ ಹೆಬ್ಬೆರಳು ಗಾತ್ರದ ಚಪ್ಪಟೆಹುಳ ಸಿಗಬಹುದು. ಕೊಡಗಿನವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ: ರಕ್ತ ಕುಡಿದು ಊದಿದ ನಮ್ಮ ಜಿಗಣೆಯ ತದ್ರೂಪ. ಹೆಸರಿಟ್ಟವರಿಗೂ ಹಾಗೆಯೇ ಕಂಡಿರಬೇಕು, ಆ ಲ್ಯಾಟಿನ್ ಹೆಸರಿನ ಮೂಲವೇ ಜಿಗಣೆ.

ಮಾಂಸವನ್ನು ತೆಳ್ಳಗೆ ಹೋಳು ಮಾಡಿ ಮೊಬೈಲ್ ಬೆಳಕಿಗೆ ಅಡ್ಡ ಹಿಡಿದರೆ ಒಳಗಿನ ಹುಳ, ಚೀಲಗಳು ನೆರಳಾಗಿ ಕಾಣುತ್ತವೆ. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಬರೆದಿಡಿ

ಒಂದು ಮೀನಿಗೆ ಒಂದು ಸಾಲು: ದಿನಾಂಕ, ಮೀನು, ಮೂತಿಯಿಂದ ಬಾಲದ ಕವಲಿನವರೆಗೆ ಉದ್ದ, ಹಿಡಿದ ಸ್ಥಳ, ಯಾವ ಅಂಗದಲ್ಲಿ ಯಾವ ಹುಳ, ಎಷ್ಟು. ಏನೂ ಸಿಗದಿದ್ದರೆ ಸೊನ್ನೆ ಎಂದು ಬರೆಯಿರಿ, ಸಾಲು ಬಿಡಬೇಡಿ. ಜನ ಸೊನ್ನೆ ಬರೆಯುವುದಿಲ್ಲ, ಹುಳ ಸಿಕ್ಕ ದಿನ ಮಾತ್ರ ಉತ್ಸಾಹದಿಂದ ಬರೆಯುತ್ತಾರೆ. ವರ್ಷದ ಕೊನೆಗೆ ಪುಸ್ತಕ ನೋಡಿದರೆ ಕಡಲಿನ ಮೀನೆಲ್ಲ ಹುಳದ ಮೂಟೆ ಎಂಬಂತಿರುತ್ತದೆ. ನನ್ನ ಮೊದಲ ಪುಸ್ತಕ ಹಾಗೆಯೇ ಆಗಿ ಹಾಳಾಯಿತು.

ಓದುವುದು

ಕಾಲಿಗೆ ಹತ್ತಿದ ಜಿಗಣೆ ಒಂದು ಗಂಟೆಯೊಳಗೆ ಹೊಟ್ಟೆ ತುಂಬಿ ಉದುರುತ್ತದೆ. ನಾಯಿಯ ಉಣುಗು ಹಲವು ದಿನ ಇರುತ್ತದೆ. ಅಂಗಾಲಿನಲ್ಲಿ ಮುರಿದ ಮುಳ್ಳು ವರ್ಷಗಟ್ಟಲೆ. ಮೂರೂ "ಇವನು ತೋಟಕ್ಕೆ ಹೋಗಿದ್ದ" ಎಂದೇ ಹೇಳುತ್ತವೆ, ಆದರೆ ಯಾವಾಗ ಎಂಬುದು ಬೇರೆ ಬೇರೆ. ಮೀನಿನ ಹುಳಕ್ಕೂ ಈ ಎರಡು ಪ್ರಶ್ನೆ ಹಾಕಬೇಕು: ಇದು ಎಲ್ಲಿ ಮಾತ್ರ ಹತ್ತುತ್ತದೆ? ಹತ್ತಿದ ಮೇಲೆ ಎಷ್ಟು ಕಾಲ ಉಳಿಯುತ್ತದೆ? ಎರಡಕ್ಕೂ ಉತ್ತರ ಗೊತ್ತಿಲ್ಲದಿದ್ದರೆ ಹುಳವು ಬರೀ ಹುಳ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿಯುವ, ಮೀನನ್ನು ಕೊಲ್ಲದ, ಸುಲಭವಾಗಿ ಕಣ್ಣಿಗೆ ಬೀಳುವ ಹುಳವನ್ನೇ ಸಂಶೋಧಕರು ಹುಡುಕುತ್ತಾರೆ.

ಮೊದಲ ಪ್ರಶ್ನೆಗೆ ಒಳ್ಳೆಯ ಉದಾಹರಣೆ ಸಾಕೈ ಸಾಲ್ಮನ್. ಈ ಮೀನು ನದಿ, ಸರೋವರಗಳಲ್ಲಿ ಹುಟ್ಟಿ, ಉತ್ತರ ಪೆಸಿಫಿಕ್ ಸಾಗರಕ್ಕೆ ಇಳಿದು ಬೆಳೆಯುತ್ತದೆ. ಅಲ್ಲಿ ಏಷ್ಯಾದ ಮೀನೂ ಅಮೆರಿಕದ ಮೀನೂ ಕಲಸಿಹೋಗುತ್ತವೆ. ನಡುಗಡಲಿನಲ್ಲಿ ಜಪಾನಿನ ಹಡಗುಗಳು ಹಿಡಿದದ್ದು ಯಾರ ಮೀನು ಎಂಬುದು ದೊಡ್ಡ ತಕರಾರಾಗಿತ್ತು; ಅಮೆರಿಕ, ಕೆನಡಾ, ಜಪಾನ್ 1952ರಲ್ಲಿ ಇದಕ್ಕಾಗಿ ಒಪ್ಪಂದವನ್ನೇ ಮಾಡಿಕೊಂಡವು. ಕೆನಡಾದ ಲಿಯೋ ಮಾರ್ಗೋಲಿಸ್ ಎರಡು ಹುಳಗಳನ್ನು ಹಿಡಿದುಕೊಂಡರು. ಮಾಂಸದಲ್ಲಿರುವ ಒಂದು ಲಾಡಿಹುಳದ ಮರಿ ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಗೆ ಇಳಿಯುವ ನೀರಿನಲ್ಲಿ ಹತ್ತುವಂಥದ್ದು. ಕರುಳಿನ ಒಂದು ದುಂಡುಹುಳ ರಷ್ಯಾದ ಕಮ್‌ಚಾಟ್ಕಾದ ನದಿಗಳಲ್ಲಿ. ಎರಡೂ ಸಿಹಿನೀರಿನ ಹುಳಗಳು, ಕಡಲಿನಲ್ಲಿ ಹತ್ತುವ ಮಾತೇ ಇಲ್ಲ. ಹಾಗಾಗಿ ಸಾವಿರಾರು ಕಿಲೋಮೀಟರ್ ಆಚೆ ಹಿಡಿದ ಮೀನೂ ತನ್ನ ತವರಿನ ಹೆಸರು ಹೇಳಿತು. 1963ರಲ್ಲಿ ಅವರು ಇದನ್ನು ಪ್ರಕಟಿಸಿದರು. ಈ ವಿದ್ಯೆಗೆ ಆಗಲೇ ಸ್ವಲ್ಪ ವಯಸ್ಸಾಗಿತ್ತು: 1939ರಲ್ಲೇ ಅಮೆರಿಕದ ಮೇನ್ ಕೊಲ್ಲಿಯ ಕೆಂಪು ಮೀನುಗಳ ಗುಂಪುಗಳನ್ನು ಸ್ಫಿರಿಯಾನ್ ಎಂಬ ಕೋಪೆಪಾಡ್ ನೋಡಿ ಬೇರ್ಪಡಿಸಿದ್ದರು. ಅದೂ ಪೆನೆಲ್ಲಾದಂತೆ ತಲೆಯನ್ನು ಮಾಂಸದೊಳಗೆ ಊರಿಕೊಳ್ಳುವ ಜಾತಿ; ಸತ್ತರೂ ಅದರ ಅವಶೇಷ ಮಾಂಸದಲ್ಲಿ ಗಂಟಾಗಿ ಉಳಿಯುತ್ತದೆ. ಮುರಿದ ಮುಳ್ಳಿನ ಲೆಕ್ಕ.

ಎರಡನೆಯ ಪ್ರಶ್ನೆಗೆ ಸ್ಕಿಪ್‌ಜಾಕ್ ಟ್ಯೂನಾ. 1985ರಲ್ಲಿ ಆಸ್ಟ್ರೇಲಿಯಾದ ಲೆಸ್ಟರ್ ಮತ್ತು ಸಂಗಡಿಗರು ಪಶ್ಚಿಮ ಪೆಸಿಫಿಕ್‌ನ ಬಿಸಿ ಕಡಲಿನಿಂದ ನ್ಯೂಜಿಲೆಂಡಿನ ತಂಪು ನೀರಿನವರೆಗೆ ಹಿಡಿದ ಸ್ಕಿಪ್‌ಜಾಕ್‌ಗಳ ಹುಳ ಎಣಿಸಿದರು. ನ್ಯೂಜಿಲೆಂಡಿನ ಮೀನುಗಳಲ್ಲಿ ಬಿಸಿ ಕಡಲಿನ ಮೀನುಗಳಲ್ಲಿದ್ದಂಥವೇ ದೀರ್ಘಾಯುಷಿ ಲಾಡಿಹುಳದ ಮರಿಗಳಿದ್ದವು. ಮೀನು ಬಿಸಿ ಕಡಲಿನಿಂದ ಇಳಿದು ಬಂದಿದೆ ಎಂದಾಯಿತು. ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು: ಒಂದೇ ಹಿಂಡಿನಲ್ಲಿ ಹಿಡಿದ ಮೀನುಗಳ ಹುಳಗಳು ಪರಸ್ಪರ ಹೆಚ್ಚು ಹೋಲುತ್ತಿದ್ದವು. ದಿನಬೆಳಗಾದರೆ ಹಿಂಡು ಒಡೆದು ಬೇರೆಯವರೊಂದಿಗೆ ಸೇರುತ್ತಿದ್ದರೆ ಹೀಗಾಗುತ್ತಿರಲಿಲ್ಲ. ಜೊತೆಗೆ ಉಂಡವರ ಹೊಟ್ಟೆಯಲ್ಲಿ ಒಂದೇ ಹುಳ. ಹಿಂಡು ವಾರಗಟ್ಟಲೆ ಒಟ್ಟಿಗಿರುತ್ತದೆ ಎಂದು ಇದರಿಂದ ತಿಳಿಯಿತು.

ಇನ್ನು ನಮ್ಮ ಅಂಜಲ್. ಈ ಮೀನು ವೇಗಗಾರ, ಕಡಲೆಲ್ಲ ತಿರುಗುತ್ತದೆ ಎಂದೇ ಯಾರಿಗಾದರೂ ಅನಿಸುತ್ತದೆ. ಇದೇ ಜಾತಿಯ ಅಂಜಲನ್ನು ಉತ್ತರ ಆಸ್ಟ್ರೇಲಿಯಾದ ತೀರದುದ್ದಕ್ಕೂ ಹಲವು ಕಡೆ ಮತ್ತು ಇಂಡೋನೇಷ್ಯಾದ ಕುಪಾಂಗ್‌ನಲ್ಲಿ ಹಿಡಿದು ಹುಳ ಎಣಿಸಿದ ಅಧ್ಯಯನ 2003ರಲ್ಲಿ ಬಂತು. ಅದರಲ್ಲಿ ಬಳಸಿದ್ದು ಮುಖ್ಯವಾಗಿ ನಾನು ಮೇಲೆ ಹೇಳಿದ ಅಕ್ಕಿಕಾಳಿನಂಥ ಟ್ರಿಪನೊರಿಂಕ್ ಮರಿಗಳು ಮತ್ತು ಅನಿಸಾಕಿಸ್ ಬಳಗದ ದುಂಡುಹುಳಗಳು. ಮೀನು ಬದುಕಿರುವವರೆಗೆ ಈ ಚೀಲಗಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಎಲ್ಲ ಅಂಜಲೂ ಎಲ್ಲೆಡೆ ತಿರುಗಿದ್ದರೆ ಎಲ್ಲದರ ಲೆಕ್ಕವೂ ಸುಮಾರಾಗಿ ಒಂದೇ ಆಗಬೇಕಿತ್ತು. ಆಗಲಿಲ್ಲ. ಉತ್ತರ ಆಸ್ಟ್ರೇಲಿಯಾ ಒಂದರಲ್ಲೇ ಕನಿಷ್ಠ ಆರು ಬೇರೆ ಬೇರೆ ಗುಂಪುಗಳು ಕಂಡವು, ಕುಪಾಂಗ್‌ನದು ಅವೆಲ್ಲಕ್ಕಿಂತ ಬೇರೆ. ಅಂದರೆ ಹುಳ ಓದಿದಾಗ ತಿಳಿಯುವುದು ಪ್ರಯಾಣ ಮಾತ್ರವಲ್ಲ. ಪ್ರಯಾಣ ಮಾಡದಿರುವುದೂ ತಿಳಿಯುತ್ತದೆ. ಮೀನುಗಾರಿಕೆಗೆ ಇದು ದೊಡ್ಡ ವಿಷಯ. ಒಂದು ಕೊಲ್ಲಿಯ ಅಂಜಲನ್ನು ಬಳಿದು ತೆಗೆದರೆ ಪಕ್ಕದ ಕೊಲ್ಲಿಯಿಂದ ಬಂದು ತುಂಬುತ್ತದೆ ಎಂದು ಕೂರುವಂತಿಲ್ಲ. ಆ ಆರರ ಲೆಕ್ಕವನ್ನು ತಂದು ಮಂಗಳೂರಿನ ಅಂಜಲಿಗೆ ಅಂಟಿಸಬೇಡಿ, ಅದು ಆ ನೀರಿನ ಮಾತು.

ಮೀನಲ್ಲದ ಒಂದು ಉದಾಹರಣೆಯನ್ನೂ ಹೇಳಿಬಿಡುತ್ತೇನೆ. 2014ರಲ್ಲಿ ಕಾಣೆಯಾದ ಮಲೇಷ್ಯಾದ ವಿಮಾನದ ರೆಕ್ಕೆಯ ತುಂಡೊಂದು 2015ರ ಜುಲೈಯಲ್ಲಿ ರಿಯೂನಿಯನ್ ದ್ವೀಪದ ದಡಕ್ಕೆ ಬಂತು. ಅದರ ಮೇಲೆ ಬಾರ್ನಕಲ್, ಅಂದರೆ ಬಂಡೆ, ದೋಣಿಗಳಿಗೆ ಅಂಟಿ ಬೆಳೆಯುವ ಸಣ್ಣ ಪ್ರಾಣಿಗಳ ಚಿಪ್ಪುಗಳು ಹತ್ತಿದ್ದವು. ಚಿಪ್ಪು ಬೆಳೆಯುವಾಗ ಆಗಿನ ನೀರಿನ ಬಿಸಿಯ ಗುರುತು ಅದರ ಪದರಗಳಲ್ಲಿ ಉಳಿಯುತ್ತದೆ. ತುಂಡು ಯಾವ ನೀರಿನಲ್ಲಿ ತೇಲಿ ಬಂತು ಎಂದು ಅದರಿಂದ ಹುಡುಕಲು ಹೊರಟರು. ತಿಮಿಂಗಿಲದ ಮೈಯ ಬಾರ್ನಕಲ್‌ಗಳಿಂದಲೂ ಹೀಗೆಯೇ ವಲಸೆಯ ದಾರಿ ಓದುತ್ತಾರೆ. ಬಾರ್ನಕಲ್ ಪರಾವಲಂಬಿಯಲ್ಲ, ಜಾಗ ಮಾತ್ರ ಬೇಕ್ರಿ ಎನ್ನುವ ಬಾಡಿಗೆದಾರ.

ಎಡವುವ ಜಾಗಗಳು

ಒಂದು ಮೀನು ನೋಡಿ ದಾರಿ ಹೇಳಬೇಡಿ. ಒಬ್ಬನ ಕಾಲಿನಲ್ಲಿ ಜಿಗಣೆ ಇಲ್ಲವೆಂದ ಮಾತ್ರಕ್ಕೆ ಅವನು ತೋಟಕ್ಕೆ ಕಾಲಿಟ್ಟಿಲ್ಲ ಎನ್ನಲಾಗುವುದಿಲ್ಲ. ಹೊಗೆಸೊಪ್ಪಿನ ನೀರು ಬಳಿದುಕೊಂಡು ಹೋಗಿರಬಹುದು. ಹತ್ತು ಜನರ ಕಾಲಿನಲ್ಲೂ ಇಲ್ಲದಿದ್ದರೆ ಮಾತು ಬೇರೆ. ಉದಾಹರಣೆಗೆ, ಒಂದು ಕಡೆ ಹಿಡಿದ ಹತ್ತು ಅಂಜಲುಗಳಲ್ಲಿ ಎಂಟರಲ್ಲಿ ಚೀಲಗಳಿದ್ದು, ಇನ್ನೊಂದು ಕಡೆಯ ಹತ್ತರಲ್ಲಿ ಒಂದರಲ್ಲಿ ಮಾತ್ರ ಇದ್ದರೆ ಆಗ ಕುತೂಹಲ ಹುಟ್ಟಬೇಕು. ಐದು, ನಾಲ್ಕು ಎಂದಿದ್ದರೆ ಸುಮ್ಮನಿರಿ.

ಕುತೂಹಲ ಹುಟ್ಟಿದ ಮೇಲೂ ಮೊದಲು ಉದ್ದ ನೋಡಿ. ಬಿಟ್ಟುಹೋಗದ ಹುಳ ವಯಸ್ಸಾದಂತೆ ಸೇರುತ್ತಲೇ ಹೋಗುತ್ತದೆ. ಒಂದು ಕಡೆಯವು ಎಂಟು ಕಿಲೋದ ಹಿರಿಯರು, ಇನ್ನೊಂದು ಕಡೆಯವು ಒಂದು ಕಿಲೋದ ಮರಿಗಳಾಗಿದ್ದರೆ ನೀವು ಅಳೆದದ್ದು ವಯಸ್ಸನ್ನು, ಊರನ್ನಲ್ಲ. ಹೊಸಬರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ, ಓದಿದವರೂ ಸೇರಿ.

ಜಾತಿ ಗುರುತಿಸುವುದರಲ್ಲಿ ಬಿಗುಮಾನ ಬೇಡ. ಅನಿಸಾಕಿಸ್‌ನಲ್ಲೇ ಹಲವು ಜಾತಿಗಳಿವೆ, ಮರಿಗಳು ಕಣ್ಣಿಗೆ ಒಂದೇ ಬಗೆ. ಅವುಗಳನ್ನು ಡಿಎನ್‌ಎ ಪರೀಕ್ಷೆಯಿಂದ ಬೇರ್ಪಡಿಸಬೇಕು. ಹಿತ್ತಿಲಿನಲ್ಲಿ "ಸುರುಳಿ ಬಿಳಿಹುಳ" ಎಂದು ಬರೆದರೆ ಸಾಕು. ಹೆಚ್ಚಿನದು ಬೇಕಿದ್ದವರಿಗೆ ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಸ್ಪಿರಿಟ್ ಬಾಟಲಿಯನ್ನು ಚೀಟಿ ಸಮೇತ ಒಯ್ದು ವಿಚಾರಿಸಬಹುದು.

ಸಂಖ್ಯೆ ಎಲ್ಲಿಂದ ತರುವುದು ಎಂಬ ಚಿಂತೆ ನಿಮಗೆ ಬಂದಿರಬೇಕು. ಹತ್ತು ಅಂಜಲ್ ಕೊಂಡರೆ ಕಾಳುಮೆಣಸಿನ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ. ಅದಕ್ಕೆ ದಾರಿ ಅಂಗಡಿಯಲ್ಲಿ ಮೀನು ಕತ್ತರಿಸುವವರ ಸ್ನೇಹ. ಭಾನುವಾರ ಬೆಳಿಗ್ಗೆ ಒಂದು ಗಂಟೆಯಲ್ಲಿ ಅವರು ಬಿಸಾಡುವ ಕರುಳು ನೀವು ಒಂದು ವರ್ಷದಲ್ಲಿ ಕೊಳ್ಳುವುದಕ್ಕಿಂತ ಹೆಚ್ಚು. ಪ್ರತಿ ಮೀನಿನದನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಉದ್ದ ಬರೆದ ಚೀಟಿ ಇಟ್ಟುಕೊಡಲು ಕೇಳಿ. ಕೇಳುವ ಮೊದಲು ಎರಡು ಮೂರು ವಾರ ಸುಮ್ಮನೆ ಮೀನು ಕೊಂಡು ಮಾತಾಡಿಸಿ. ಮೊದಲ ದಿನವೇ ಕರುಳು ಕೇಳುವವರನ್ನು ಯಾರೂ ನಂಬುವುದಿಲ್ಲ.

ಒಲೆಯ ಮುಂದೆ

ಪರೀಕ್ಷೆ ಮುಗಿದ ಮೀನನ್ನು ಧಾರಾಳವಾಗಿ ತಿನ್ನಬಹುದು, ಬೇಯಿಸಿದರೆ. ಒಳಗಿನ ಮಾಂಸ 60 ಡಿಗ್ರಿ ಸೆಲ್ಸಿಯಸ್ ತಲುಪಿ ಒಂದು ನಿಮಿಷ ಇದ್ದರೆ ಅನಿಸಾಕಿಸ್ ಸಾಯುತ್ತದೆ. ಕುದಿಯುವ ಮೀನು ಸಾರು ಇದನ್ನು ಸುಲಭವಾಗಿ ದಾಟುತ್ತದೆ. ದಪ್ಪ ಹೋಳನ್ನು ಜೋರು ಉರಿಯಲ್ಲಿ ಹೊರಗೆ ಮಾತ್ರ ಕೆಂಪಗೆ ಹುರಿದರೆ ದಾಟದಿರಬಹುದು. ನಮ್ಮ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿಯ ಬಗ್ಗೆ ಒಂದು ಮಾತು. ಅದರ ಹುಳಿಗೆ ಕಬ್ಬಿಣವೂ ಕರಗುತ್ತದೆ ಎಂದು ನಂಬಿ ಬೆಳೆದವರು ನಾವು. ಹುಳಿಯಲ್ಲಿ ನೆನೆಸಿದರೆ ಮಾಂಸ ಬೆಳ್ಳಗಾಗುತ್ತದೆ, ಬೆಂದಂತೆ ಕಾಣುತ್ತದೆ, ಹುಳ ಸಾಯುವುದಿಲ್ಲ. ಸ್ಪೇನಿನಲ್ಲಿ ವಿನೆಗರಿನಲ್ಲಿ ನೆನೆಸಿದ ಹಸಿ ಮೀನು ತಿಂದು ಹೊಟ್ಟೆನೋವಿಗೆ ಬಿದ್ದವರು ಬಹಳ ಜನ. ಈಗ ಮಡಿಕೇರಿಯ ಕಡೆ ಪ್ರವಾಸಿಗರಿಗಾಗಿ ಹಸಿ ಟ್ಯೂನಾ ಬಡಿಸುವ ಹುಮ್ಮಸ್ಸು ಯಾರಿಗಾದರೂ ಬಂದರೆ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಏಳು ದಿನ ಇಟ್ಟ ಮೀನೇ ಆಗಿರಬೇಕು ಎಂಬುದು ತಿಳಿದಿರಲಿ. ಮನೆಯ ಫ್ರಿಜ್ಜಿನ ಮೇಲಿನ ಖಾನೆ ಅಷ್ಟು ತಣ್ಣಗಾಗುತ್ತದೆ ಎಂದು ನೆಚ್ಚಬೇಡಿ, ವಿದ್ಯುತ್ ಹೋಗಿ ಬರುವ ನಮ್ಮ ಮಳೆಗಾಲದಲ್ಲಂತೂ. ಚೆನ್ನಾಗಿ ಬೇಯಿಸಿದ ಮೀನು ತಿಂದೂ ಮೈಯಲ್ಲಿ ದದ್ದು ಏಳುವವರಿದ್ದರೆ ವೈದ್ಯರಿಗೆ ಹುಳದ ಮಾತನ್ನೂ ಹೇಳಿ. ಸತ್ತ ಅನಿಸಾಕಿಸ್ ಕೂಡ ಕೆಲವರಲ್ಲಿ ಅಲರ್ಜಿ ತರುತ್ತದೆ.

ಬೆಕ್ಕಿಗೆ ಎಂದು ಸುಳ್ಳು ಹೇಳಿ ತಂದ ಕರುಳನ್ನು ಬೆಕ್ಕಿಗೆ ಹಸಿಯಾಗಿ ಹಾಕಬೇಡಿ, ಕುದಿಸಿ ಹಾಕಿ. ಉಳಿದದ್ದನ್ನು ಬಾಳೆಯ ಬುಡದ ಬಳಿ ಎರಡು ಅಡಿ ಆಳಕ್ಕೆ ಹೂತು ಮೇಲೊಂದು ಭಾರದ ಕಲ್ಲು ಇಡಿ. ಒಂದೇ ಅಡಿ ತೋಡಿ ಮುಗಿಸಿದರೆ ರಾತ್ರಿ ಕಾಡುಹಂದಿ ಬಂದು ಕರುಳಿನ ಜೊತೆಗೆ ಬಾಳೆಯನ್ನೂ ಕಿತ್ತುಹಾಕುತ್ತದೆ. ನಮ್ಮಲ್ಲಿ ಎರಡು ಸಲ ಹಾಗಾಗಿದೆ, ಎರಡನೆಯ ಸಲ ಹೋದದ್ದು ಗೊನೆ ಬಿಟ್ಟ ಬಾಳೆ.